ಕೊರಿಯದ ದತ್ತು ಮಕ್ಕಳು: ಹೊಸ ಮನೆಯ ಮೊದಲ ದಿನಗಳು

ದತ್ತುಸ್ವೀಕಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ತೀರ್ಪುಗಳನ್ನೂ ಅಂಕಿಸಂಖ್ಯೆಗಳನ್ನೂ ಅವಲಂಬಿಸುತ್ತಾರೆ. ಮಗುವು ಹೊಸ ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಮೊದಲ ಕೆಲವು ದಿನಗಳಲ್ಲಿ ನಡೆದುದು ಚರಿತ್ರೆಗೆ ಸಂಬಂಧಿಸಿದ ವಿಷಯವೆಂದು ಅವರಿಗೆ ತೋರುವುದು ಅಪರೂಪ. ಆದರೆ ಹೊರದೇಶದಿಂದ ಬಂದ ಮಗುವಿನ ಮಟ್ಟಿಗೆ, ಎರಡು ನಾಡುಗಳ ಶಿಶುಪಾಲನೆಯ ಪದ್ಧತಿಗಳು ಮುಖಾಮುಖಿಯಾಗುವುದು ಆ ದಿನಗಳಲ್ಲಿಯೇ. ಕೊರಿಯದಿಂದ ಅಮೆರಿಕಕ್ಕೆ ಹೋದ ಮಕ್ಕಳ ನಿದರ್ಶನವನ್ನು ಮುಖ್ಯವಾಗಿಟ್ಟುಕೊಂಡು ಆ ದಿನಗಳ ಸ್ವರೂಪವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧೯೫೦ರಿಂದ ೧೯೫೩ರವರೆಗೆ ನಡೆದ ಯುದ್ಧದಿಂದ ಕೊರಿಯದಲ್ಲಿ ಅಸಂಖ್ಯ ಮಕ್ಕಳು ನಿರ್ಗತಿಕರಾದರು. ಅವರಲ್ಲಿ ವಿದೇಶೀ ಸೈನಿಕರಿಗೂ ಕೊರಿಯದ ಸ್ತ್ರೀಯರಿಗೂ ಹುಟ್ಟಿದ ಮಕ್ಕಳಿಗೆ ಅಲ್ಲಿನ ಸಮಾಜದಲ್ಲಿ ಸ್ಥಾನವಿರಲಿಲ್ಲ. ಆಗ ಆರಿಗಾನ್ ಸಂಸ್ಥಾನದ ಕ್ರೆಸ್‌ವೆಲ್ ಊರಿನ ಹ್ಯಾರಿ ಹೋಲ್ಟ್ ಮತ್ತು ಬರ್ತಾ ಹೋಲ್ಟ್ ದಂಪತಿಗಳು, ತಮಗೆ ಆರು ಮಂದಿ ಮಕ್ಕಳಿದ್ದರೂ, ಇನ್ನೂ ಎಂಟು ಮಕ್ಕಳನ್ನು ದತ್ತು ಪಡೆಯಲು ಮುಂದಾದರು. ಒಂದು ಕುಟುಂಬಕ್ಕೆ ಇಬ್ಬರು ಮಕ್ಕಳನ್ನು ಮಾತ್ರ ಕರೆತರಲು ಅಂದಿನ ಕಾನೂನು ಅವಕಾಶ ಕೊಡುತ್ತಿದ್ದುದರಿಂದ ೧೯೫೫ರಲ್ಲಿ ಅಮೆರಿಕದ ಕಾಂಗ್ರೆಸ್ ಇವರಿಗಾಗಿ ಪ್ರತ್ಯೇಕ ಮಸೂದೆಯನ್ನೇ ಅಂಗೀಕರಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹ್ಯಾರಿ ಹೋಲ್ಟ್ ಹನ್ನೆರಡು ಮಕ್ಕಳೊಡನೆ ಪೋರ್ಟ್‌ಲೆಂಡಿನಲ್ಲಿ ವಿಮಾನದಿಂದಿಳಿದನು. ಅವರಲ್ಲಿ ಎಂಟು ಮಂದಿ ತನ್ನ ಮನೆಗೆ, ಉಳಿದವರು ಬೇರೆ ಕುಟುಂಬಗಳಿಗೆ. ಅಂದಿನಿಂದ ಸುಮಾರು ಎರಡು ಲಕ್ಷ ಮಕ್ಕಳು ಕೊರಿಯವನ್ನು ಬಿಟ್ಟು ಹೊರದೇಶಗಳ ಮನೆಗಳನ್ನು ಸೇರಿದ್ದಾರೆ. ೧೯೮೫ರ ಒಂದೇ ವರ್ಷದಲ್ಲಿ ಹೋದವರ ಸಂಖ್ಯೆ ೮,೮೦೦ಕ್ಕೂ ಮಿಗಿಲು.

ಆರಂಭದ ವರ್ಷಗಳಲ್ಲಿ ಅನೇಕ ಮಕ್ಕಳು ಪ್ರತಿನಿಧಿಯ ಮೂಲಕ ದತ್ತಾದರು. ಎಂದರೆ, ಅಮೆರಿಕದಲ್ಲಿದ್ದ ದಂಪತಿಗಳ ಪರವಾಗಿ ಮತ್ತೊಬ್ಬರು ಕೊರಿಯದಲ್ಲಿ ದತ್ತಕದ ವಿಧಿಗಳನ್ನು ಪೂರೈಸುತ್ತಿದ್ದರು. ತಂದೆತಾಯಿಗಳು ಮಗುವನ್ನು ಮೊದಲು ನೋಡುತ್ತಿದ್ದುದು ವಿಮಾನ ನಿಲ್ದಾಣದಲ್ಲಿ. ನಮ್ಮ ದೇಶದ ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದಂತೆ ಮಗುವನ್ನು ನಿಜವಾಗಿ ಕೊಡುವುದೂ ಕೊಳ್ಳುವುದೂ ನಡೆಯದೆ ದತ್ತಕವು ಸಿದ್ಧಿಸುವುದಿಲ್ಲ. ಅಲ್ಲಿಯಾದರೋ ಕಾಗದದ ಮೇಲೆ ಸಂಬಂಧವು ಪೂರ್ಣವಾದ ಎಷ್ಟೋ ದಿನಗಳ ಮೇಲೆ ಪರಸ್ಪರ ದರ್ಶನವಾಗುತ್ತಿತ್ತು. ೧೯೬೧ರಲ್ಲಿ ಅಮೆರಿಕದ ಕಾನೂನು ಈ ಪದ್ಧತಿಗೆ ಬಹುಮಟ್ಟಿಗೆ ತಡೆಯೊಡ್ಡಿತು. ಆದರೆ ಅಪರಿಚಿತರ ಕೈಗೆ ಮಗು ಬರುವ ಕ್ಷಣದ ಸಮಸ್ಯೆ ಅದರಿಂದ ತೀರಲಿಲ್ಲ.

ಆ ಕ್ಷಣದಿಂದ ಮುಂದಿನ ಮೊದಲ ರಾತ್ರಿಯನ್ನು ಗಮನಿಸೋಣ. ಆರಿಗಾನಿನಲ್ಲಿ ಕತ್ತಲಾದಾಗ ಕೊರಿಯದಲ್ಲಿ ಹಗಲು. ಆದುದರಿಂದ ಮಗುವಿನ ದೇಹಕ್ಕೆ ಅದು ನಿದ್ರೆಯ ವೇಳೆಯೇ ಅಲ್ಲ. ಕೊರಿಯದಲ್ಲಿ ಎಳೆಯ ಮಕ್ಕಳು ಕೆಳಗಿನಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ತಾಯಿಯ ಮಗ್ಗುಲಲ್ಲಿ ಮಲಗುವುದು ರೂಢಿ. ಈ ನೆಲಕ್ಕೆ ಅಲ್ಲಿ ಓಂದೊಲ್ ಎಂದು ಹೆಸರು. ಹಗಲಿನಲ್ಲಿ ಪೊದೆಗಿ ಎಂಬ ಬಟ್ಟೆಯಿಂದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಹೆಂಗಸರು ಕೆಲಸ ಮಾಡುತ್ತಿದ್ದರು. ಅಮೆರಿಕದ ಮನೆಯವರು ಅದೇ ಮಗುವಿಗೆ ಪ್ರೀತಿಯಿಂದ ಸಜ್ಜುಗೊಳಿಸಿದುದು ಬೇರೆ ಕೋಣೆ, ಕಟಾಂಜನವಿದ್ದ ಎತ್ತರದ ಮಂಚ. ಮಗುವಿಗೆ ಸುತ್ತಲಿನ ಮಾತೂ ತಿಳಿಯದು. ಊಟದ ರುಚಿಯೂ, ಎತ್ತಿಕೊಂಡವರ ಮೈವಾಸನೆಯೂ ಹೊಸದು. ಮನೆಯವರು ಹಬ್ಬವೆಂದು ತಿಳಿದ ದಿನವು ಮಗುವಿಗೆ ಸರ್ವಸ್ವವೂ ಕಳೆದುಹೋದ ದಿನ.

ಈ ನಷ್ಟದ ಸ್ವರೂಪವನ್ನು ಅರಿಯಲು ನೆರವಾದವರು ಇಂಗ್ಲೆಂಡಿನ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್. ತಾಯಿಯಿಂದ ಅಗಲಿ ಆಸ್ಪತ್ರೆಯಲ್ಲಿದ್ದ ಎಳೆಯ ಮಕ್ಕಳನ್ನು ಕಂಡು, ೧೯೫೦ರ ದಶಕದ ಆರಂಭದಲ್ಲಿ ಅವರು ಮೂರು ಅವಸ್ಥೆಗಳನ್ನು ಗುರುತಿಸಿದರು. ಮೊದಲನೆಯದು ಅಳು ಮತ್ತು ಪ್ರತಿಭಟನೆ. ಎರಡನೆಯದು ಹತಾಶೆಯ ಮೌನ. ಮೂರನೆಯದು ಯಾರನ್ನೂ ಹಚ್ಚಿಕೊಳ್ಳದ ವೈರಾಗ್ಯ. ಇದರಿಂದ ಒಂದು ಮುಖ್ಯವಾದ ತಿಳಿವಳಿಕೆ ದೊರೆಯುತ್ತದೆ. ಬಂದೊಡನೆ ಅಳುವ ಮಗುವನ್ನು ಕಂಡು ಮನೆಯವರು ಎದೆಗುಂದುತ್ತಾರೆ; ಅಳದೆ ಹೇಳಿದಂತೆ ಕೇಳುವ ಮಗುವನ್ನು ಕಂಡು ಒಗ್ಗಿಕೊಂಡಿತೆಂದು ಸಂತೋಷಿಸುತ್ತಾರೆ. ವಾಸ್ತವವಾಗಿ ಅಳುವ ಮಗುವು ತಾನು ಹಿಂದೆ ಒಬ್ಬರನ್ನು ಪ್ರೀತಿಸಿದ್ದೆನೆಂದು ತಿಳಿಸುತ್ತಿರಬಹುದು. ಒಮ್ಮೆ ಪ್ರೀತಿಸಿದುದು ಮತ್ತೊಮ್ಮೆ ಪ್ರೀತಿಸಲು ಶಕ್ತವಾಗಿರುತ್ತದೆ. ಸುಮ್ಮನಿರುವ ಮಗುವಿನ ವಿಷಯದಲ್ಲಿಯೇ ಹೆಚ್ಚಿನ ಎಚ್ಚರ ಬೇಕು.

ಎಲ್ಲರ ತೊಡೆಯನ್ನೂ ಏರುವ ಮಗುವಿನ ವಿಷಯವೂ ಇಂತಹುದೇ. ೧೯೮೯ರ ಡಿಸೆಂಬರಿನಲ್ಲಿ ರೊಮೇನಿಯದ ಚೌಷೆಸ್ಕು ಸರ್ಕಾರ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಬಂದ ೧೬೫ ಮಕ್ಕಳನ್ನು ಮೈಕೇಲ್ ರಟರ್ ಮತ್ತು ಅವರ ಸಹೋದ್ಯೋಗಿಗಳು ದೀರ್ಘಕಾಲ ಪರಿಶೀಲಿಸಿದರು. ಆರು ತಿಂಗಳು ತುಂಬುವ ಮೊದಲೇ ಅನಾಥಾಲಯದಿಂದ ಹೊರಬಿದ್ದ ಮಕ್ಕಳು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿಯೇ ಹುಟ್ಟಿ ದತ್ತಾದ ಮಕ್ಕಳಂತೆ ಬೆಳೆದರು. ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಅನೇಕರು ಅಪರಿಚಿತರೊಡನೆಯೂ ತಮ್ಮವರೊಡನೆ ಇದ್ದಂತೆಯೇ ಸಲಿಗೆಯಿಂದ ಹೋಗಿಬಿಡುತ್ತಿದ್ದರು. ಈ ಸಲಿಗೆಯು ಮಮತೆಯಲ್ಲ. ಒಬ್ಬರನ್ನು ತನ್ನವರೆಂದು ಆರಿಸಿಕೊಳ್ಳಲು ಅವಕಾಶವೇ ದೊರೆಯದುದರ ಫಲ.

ಹಾಗಾದರೆ ಮಮತೆಯು ಬೆಳೆಯುವ ಬಗೆ ಹೇಗೆ? ಅದಕ್ಕೆ ವಿಶೇಷ ವಿಧಿಯೇನೂ ಇಲ್ಲ. ಹಸಿದಾಗ ಅದೇ ಕೈ ಉಣಿಸಬೇಕು. ರಾತ್ರಿ ಎಚ್ಚರವಾದಾಗ ಅದೇ ಮುಖ ಬಾಗಿ ನೋಡಬೇಕು. ಈ ಕಾರಣದಿಂದಲೇ ಇಂದು ಬಲ್ಲವರು ಮೊದಲ ವಾರಗಳಲ್ಲಿ ನೆಂಟರಿಷ್ಟರ ದಂಡನ್ನು ದೂರವಿಡುವಂತೆಯೂ, ಉಣಿಸುವ, ಮೀಯಿಸುವ, ಮಲಗಿಸುವ ಕೆಲಸಗಳನ್ನು ತಂದೆತಾಯಿಗಳೇ ಮಾಡುವಂತೆಯೂ ಸಲಹೆ ಕೊಡುತ್ತಾರೆ. ಮಗುವು ತೊಟ್ಟು ಬಂದ ಬಟ್ಟೆಯನ್ನು ಕೂಡಲೇ ಒಗೆಯಬಾರದು. ಅದರಲ್ಲಿ ಹಳೆಯ ಮನೆಯ ವಾಸನೆಯಿದೆ. ಪರಿಚಿತ ಆಹಾರವನ್ನೇ ಕೊಡಬೇಕು, ಮಲಗುವಾಗ ಹತ್ತಿರವಿರಬೇಕು. ಹೊಸ ತಾಯಿಗೂ ಮೊದಲ ದಿನವೇ ಪ್ರೀತಿ ಉಕ್ಕದೆ ಹೋಗಬಹುದು. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆರೈಕೆಯು ಮುಂದೆ ನಡೆದು ಪ್ರೀತಿಯು ಅದನ್ನು ಹಿಂಬಾಲಿಸುವುದೂ ಉಂಟು.

ಹಳೆಯದೆಲ್ಲವೂ ಅಳಿದುಹೋಗುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿಗೆ ಹೋದ ಕೊರಿಯದ ದತ್ತು ಮಕ್ಕಳನ್ನು ಅವರು ಪ್ರೌಢರಾದ ಮೇಲೆ ಪರೀಕ್ಷಿಸಿದಾಗ ಅವರ ಮಿದುಳಿನಲ್ಲಿ ಕೊರಿಯನ್ ಭಾಷೆಯ ಗುರುತು ಕಾಣಲಿಲ್ಲವೆಂದು ೨೦೦೩ರಲ್ಲಿ ಪ್ರಕಟವಾಯಿತು. ಆದರೆ ನೆದರ್‌ಲೆಂಡ್ಸಿಗೆ ದತ್ತು ಹೋದವರು ಅದೇ ಭಾಷೆಯ ವ್ಯಂಜನಗಳನ್ನು ಮತ್ತೆ ಕಲಿಯುವಾಗ ಇತರರಿಗಿಂತ ಚೆನ್ನಾಗಿ ಉಚ್ಚರಿಸಿದರೆಂದು ೨೦೧೭ರ ಸಂಶೋಧನೆ ತೋರಿಸಿತು; ಆರು ತಿಂಗಳೊಳಗೆ ನಾಡು ಬಿಟ್ಟವರೂ ಅವರಲ್ಲಿದ್ದರು. ನಾಲಗೆ ಮರೆತುದನ್ನು ಕಿವಿ ಎಲ್ಲಿಯೋ ಉಳಿಸಿಕೊಂಡಿತ್ತೆನ್ನಬಹುದು.

ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ವಿಷಯವನ್ನು ಮರೆಯಬಾರದು. ಕೊರಿಯದ ಸತ್ಯಶೋಧನಾ ಆಯೋಗವು ೨೦೨೫ರ ಮಾರ್ಚಿನಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿ, ತಂದೆತಾಯಿಗಳಿದ್ದ ಮಕ್ಕಳನ್ನೂ ಅನಾಥರೆಂದು ದಾಖಲಿಸಿದ, ಒಬ್ಬರ ಗುರುತನ್ನು ಮತ್ತೊಬ್ಬರಿಗೆ ಕೊಟ್ಟ ಪ್ರಸಂಗಗಳು ನಡೆದಿದ್ದುವೆಂದು ಹೇಳಿತು. ಮಗುವಿಗೆ ಹಿಂದಿನದೇನೂ ಇಲ್ಲವೆಂದು ನಂಬಿ ಅದನ್ನು ಎದೆಗಪ್ಪಿಕೊಂಡ ಕುಟುಂಬಗಳಿಗೆ ಸುಳ್ಳು ದಾಖಲೆಯೇ ಆಧಾರವಾಗಿತ್ತು. ಮೊದಲ ರಾತ್ರಿ ಆ ಮಗು ಅತ್ತು ಕರೆದವಳು ಬದುಕಿಯೇ ಇದ್ದಿರಬಹುದು. ಆದುದರಿಂದ ಹೊಸ ಬಾಂಧವ್ಯವನ್ನು ಕಟ್ಟಲು ಹಳೆಯ ಬಾಂಧವ್ಯವನ್ನು ಅಳಿಸಬೇಕೆಂಬ ಭಾವನೆಯು ಮಗುವಿನ ಮನಸ್ಸಿಗೂ ನ್ಯಾಯವಲ್ಲ, ಚರಿತ್ರೆಗೂ ನ್ಯಾಯವಲ್ಲ. ಮಗುವಿನ ಹಿಂದಿನ ಹೆಸರು, ಅದು ತೊಟ್ಟು ಬಂದ ಬಟ್ಟೆ, ಮೊದಲ ದಿನಗಳ ಟಿಪ್ಪಣಿಗಳು ಇವನ್ನು ಜೋಪಾನವಾಗಿ ಉಳಿಸಿಡುವ ಕುಟುಂಬವು, ಮುಂದೆ ಆ ಮಗು ಕೇಳಬಹುದಾದ ಪ್ರಶ್ನೆಗೆ ಸಿದ್ಧವಾಗಿರುತ್ತದೆ.