ಸೊಂಟ ಮುರಿದರೆ ಬದುಕು ಮುಗಿಯಿತೇ?

ಬಚ್ಚಲಲ್ಲಿ ಕಾಲು ಜಾರಿಯೋ ಹೊಸಿಲು ಎಡವಿಯೋ ಹಿರಿಯರ ಸೊಂಟ ಮುರಿದಾಗ ಮನೆಯಲ್ಲಿ ಮೊದಲು ಕೇಳುವ ಮಾತು, ‘ಇನ್ನು ಇವರು ಏಳುವುದಿಲ್ಲ’. ನಿಂತಲ್ಲೇ ಬಿದ್ದಷ್ಟಕ್ಕೆ ಮೂಳೆ ಮುರಿದರೆ, ಅದರ ಹಿಂದೆ ಸಾಮಾನ್ಯವಾಗಿ ಆಸ್ಟಿಯೊಪೊರೋಸಿಸ್ ಇರುತ್ತದೆ. ಮೂಳೆ ಒಳಗೊಳಗೇ ಟೊಳ್ಳಾಗುವ ಈ ಕಾಯಿಲೆಗೆ ಚಿಕಿತ್ಸೆ ಇದೆ. ಆದರೆ ಹಿರಿಯರು ಮತ್ತೆ ನಡೆಯುವುದನ್ನು ನಮ್ಮ ತಪ್ಪು ನಂಬಿಕೆಗಳೇ ಎಷ್ಟೋ ಸಲ ತಡೆಯುತ್ತವೆ.

ತಪ್ಪು ಕಲ್ಪನೆ: ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮಲಗಿಸಿ ನೋಡಿಕೊಂಡರೆ ಸಾಕು.

ಸತ್ಯ: ವಯಸ್ಸಾದವರಿಗೆ ಆಪರೇಷನ್‌ಗಿಂತ ಹಾಸಿಗೆಯೇ ಹೆಚ್ಚು ಅಪಾಯಕಾರಿ. ವಾರಗಟ್ಟಲೆ ಮಲಗಿದರೆ ಬೆನ್ನಿನಲ್ಲಿ ಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಒಂದರ ಹಿಂದೊಂದು ಬರುತ್ತವೆ. ಆರೋಗ್ಯ ಅನುಮತಿಸಿದರೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಇಂದಿನ ಕ್ರಮ. ಸೊಂಟ ಮುರಿಯುವುದೆಂದರೆ ತೊಡೆಮೂಳೆಯ ಮೇಲ್ತುದಿ ಮುರಿಯುವುದು; ಹೊರಗಿನಿಂದ ಹಾಕುವ ನಾಟಿ ಕಟ್ಟು ಅದನ್ನು ಹಿಡಿದು ನಿಲ್ಲಿಸಲಾರದು.

ತಪ್ಪು ಕಲ್ಪನೆ: ಮೂಳೆ ಕೂಡಿತಲ್ಲ, ಇನ್ನು ಎಲ್ಲವೂ ಮೊದಲಿನಂತೆ.

ಸತ್ಯ: ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುತ್ತದೆ, ಬದುಕು ಕೂಡಿತೇ ಎಂಬುದು ಕಾಣುವುದಿಲ್ಲ. ಸೊಂಟ ಮುರಿದವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲಿನ ನಡಿಗೆಯನ್ನು ಪೂರ್ತಿ ಮರಳಿ ಪಡೆಯುವುದಿಲ್ಲ. ಇದಕ್ಕೆ ಮೂಳೆಯೊಂದೇ ಕಾರಣವಲ್ಲ. ಮತ್ತೆ ಬೀಳುವ ಭಯದಿಂದ ನಡಿಗೆ ಕಡಿಮೆಯಾಗುತ್ತದೆ, ನಡೆಯದೆ ಮಾಂಸಖಂಡ ಕರಗುತ್ತದೆ, ಶಕ್ತಿ ಇಲ್ಲದ ಕಾಲು ಮತ್ತೆ ಬೀಳಿಸುತ್ತದೆ. ಇದರ ಜೊತೆಗೆ ಸ್ನಾನಕ್ಕೂ ಇನ್ನೊಬ್ಬರನ್ನು ಕರೆಯಬೇಕಾದ ಸಂಕೋಚ, ಊಟ ಬೇಡವೆನ್ನುವ ಮಂಕು. ಈ ಸರಪಳಿ ತುಂಡರಿಸಬೇಕಾದರೆ ಫಿಸಿಯೊಥೆರಪಿ ತಿಂಗಳುಗಟ್ಟಲೆ ನಡೆಯಬೇಕು, ತಟ್ಟೆಯಲ್ಲಿ ಬೇಳೆ, ಕಾಳು, ಮೊಟ್ಟೆ, ಮೊಸರು ಇರಬೇಕು. ಮಂಕು ಬಿಡದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ತಪ್ಪು ಕಲ್ಪನೆ: ಬೆನ್ನು ಬಾಗುವುದು, ನೋಯುವುದು ವಯಸ್ಸಿನ ಲಕ್ಷಣ.

ಸತ್ಯ: ಟೊಳ್ಳಾದ ಬೆನ್ನುಮೂಳೆ ಬೀಳದೆಯೂ ಕುಸಿಯಬಹುದು. ನೀರಿನ ಕೊಡ ಎತ್ತಿದಾಗ ಚಳಕು ಹಿಡಿದಂತಾಗಿ ಉಳಿದುಬಿಡುವ ನೋವು ಮುರಿತವಿರಬಹುದು. ಇಂಥ ಮುರಿತಗಳಲ್ಲಿ ಮೂರನೇ ಎರಡರಷ್ಟು ವೈದ್ಯರ ಗಮನಕ್ಕೇ ಬರುವುದಿಲ್ಲ. ಒಂದೊಂದೇ ಮೂಳೆ ಕುಸಿದಂತೆ ಎತ್ತರ ತಗ್ಗಿ ಗೂನು ಬರುತ್ತದೆ. ಎದೆ, ಹೊಟ್ಟೆಗೆ ಜಾಗ ಸಾಲದೆ ಏದುಸಿರು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಶುರುವಾಗುತ್ತದೆ. ಎಕ್ಸ್‌ರೇ ತೆಗೆಸಲು ತಡಮಾಡಬೇಡಿ.

ತಪ್ಪು ಕಲ್ಪನೆ: ರಾಗಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇದ್ದರೆ ಸಾಕು.

ಸತ್ಯ: ಇವೆಲ್ಲ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಒಮ್ಮೆ ಮುರಿದ ಮೇಲೆ ಮತ್ತೊಂದು ಮುರಿತದ ಸಂಭವ ಸುಮಾರು ಎರಡರಷ್ಟಾಗುತ್ತದೆ, ಆಹಾರ ಮಾತ್ರ ಅದನ್ನು ತಡೆಯದು. ಮೂಳೆ ಕರಗುವುದನ್ನು ನಿಧಾನಿಸುವ ಔಷಧಗಳಿವೆ. 2007ರಲ್ಲಿ ಪ್ರಕಟವಾದ ಹೊರೈಜನ್ ಅಧ್ಯಯನದಲ್ಲಿ, ಸೊಂಟದ ಮುರಿತದ ನಂತರ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಪಡೆದವರಲ್ಲಿ ಹೊಸ ಮುರಿತಗಳು 35%, ಸಾವುಗಳು 28% ಕಡಿಮೆಯಾದವು. ಮೂತ್ರಪಿಂಡ, ವಿಟಮಿನ್ ಡಿ ಪರೀಕ್ಷಿಸಿ ಯಾವ ಔಷಧ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ತಪ್ಪು ಕಲ್ಪನೆ: ಮೂಳೆ ಟೊಳ್ಳಾಗುವುದು ಹೆಂಗಸರ ಕಾಯಿಲೆ.

ಸತ್ಯ: 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಇಂಥ ಮುರಿತವಾಗುವ ಸಾಧ್ಯತೆಯಿದೆ. ಸೊಂಟ ಮುರಿದ ಮೊದಲ ವರ್ಷದಲ್ಲಿ ಸಾಯುವ ಪ್ರಮಾಣ ಗಂಡಸರಲ್ಲೇ ಹೆಚ್ಚು.

ಡಿಸ್ಚಾರ್ಜ್ ಆಗುವ ಮೊದಲು ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ? ಮೂಳೆಯ ಔಷಧ ಯಾವಾಗ ಶುರು? ಮನೆಯಲ್ಲಿ ಯಾವ ವ್ಯಾಯಾಮ? ಬಚ್ಚಲಿಗೆ ಹಿಡಿಕೆ, ರಾತ್ರಿಗೊಂದು ದೀಪ, ಜಾರದ ಚಪ್ಪಲಿ ಹೊಂದಿಸಿ. ಮತ್ತೊಂದು ಪ್ರಶ್ನೆಯನ್ನು ಅಜ್ಜಿಯನ್ನೋ ಅಪ್ಪನನ್ನೋ ಕೇಳಿ: ಮತ್ತೆ ಯಾವ ಕೆಲಸ ತಾವೇ ಮಾಡಿಕೊಳ್ಳಬೇಕೆಂಬ ಆಸೆಯಿದೆ? ತಾನೇ ಸ್ನಾನ ಮಾಡುವುದೋ ದೇವಸ್ಥಾನದವರೆಗೆ ನಡೆಯುವುದೋ, ಅವರು ಹೇಳಿದ್ದೇ ಚಿಕಿತ್ಸೆಯ ಗುರಿಯಾಗಲಿ.