ವೈರಿನ ದಪ್ಪ ಲೋಡಿಗೆ, ಹೊದಿಕೆ ಜಾಗಕ್ಕೆ



ಅಕ್ಕಿ, ಉದ್ದು ಕೊಳ್ಳುವಾಗ ಮುಟ್ಟಿ, ಮೂಸಿ ನೋಡುವವರು ನಾವು. ವೈರಿನ ವಿಷಯದಲ್ಲಿ ಮಾತ್ರ ವೈರ್‌ಮನ್ "ಮೂರು ಬೈ ಇಪ್ಪತ್ತು ಹಾಕ್ತೇನೆ" ಅಂದರೆ ಸರಿ ಅನ್ನುತ್ತೇವೆ. ಹಾಗೆಂದರೆ 20 ನಂಬರ್ ಗೇಜಿನ ಮೂರು ಎಳೆ. ನಂಬರ್ ಹೆಚ್ಚಿದಷ್ಟು ಎಳೆ ಸಪೂರ. ಈಗ ಮಾರಾಟ ಚದರ ಮಿಲಿಮೀಟರ್ ಲೆಕ್ಕದಲ್ಲಿ. ಸಾಮಾನ್ಯವಾಗಿ ದೀಪ, ಫ್ಯಾನಿಗೆ 1.5, ಗ್ರೈಂಡರಿನ 16 ಆಂಪಿಯರ್ ಪಾಯಿಂಟಿಗೆ 2.5, ಎ.ಸಿ.ಗೆ 4.

ಇದು ತಾಮ್ರದ ಲೆಕ್ಕ. ಹೊದಿಕೆಯ ಲೆಕ್ಕ ಬೇರೆ. ಸಾದಾ ಪಿವಿಸಿ ತಾಳುವುದು 70 ಡಿಗ್ರಿ. ಕರೆಂಟಿನ ಬಿಸಿ, ಹೊರಗಿನ ಬಿಸಿ ಎರಡೂ ಅದರಲ್ಲೇ ಸೇರಿವೆ. ಭಟ್ಟಿಯ ಮೇಲಿನ ಗಾಳಿಯೇ 50 ಡಿಗ್ರಿ ಇದ್ದರೆ ಕರೆಂಟಿಗೆ ಉಳಿಯುವುದು 20 ಮಾತ್ರ. ಹಾಗಾಗಿ ಹಾಲಿನಲ್ಲಿ ಹೊರುವಷ್ಟು ಲೋಡನ್ನು ಅದೇ ವೈರು ಅಡುಗೆಮನೆಯಲ್ಲಿ ಹೊರಲಾರದು. ಅಲ್ಲಿಗೆ 85 ಡಿಗ್ರಿಯ ಎಚ್.ಆರ್. ಅಥವಾ 90 ಡಿಗ್ರಿಯ ಎಕ್ಸ್‌ಎಲ್‌ಪಿಇ ಕೇಳಿ. ಓವನ್ನಿನ ಒಳಗೆ ಗ್ಲಾಸ್ ಫೈಬರ್ ಹೆಣೆದ ಸಿಲಿಕಾನ್ ರಬ್ಬರ್ ವೈರೇ ಬೇಕು. ಅದು 180 ಡಿಗ್ರಿ ತಾಳುತ್ತದೆ.

ಎಫ್.ಆರ್. ಎಂದು ಬರೆದಿದ್ದರೆ ಬಿಸಿ ತಾಳುತ್ತದೆ ಎಂದಲ್ಲ, ಬೆಂಕಿ ಹಬ್ಬುವುದನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ಪಿವಿಸಿ ಸುಟ್ಟರೆ ಬರುವ ಕಪ್ಪು ಹೊಗೆಯಲ್ಲಿ ಆಸಿಡ್ ಇರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಎಲೆಕ್ಟ್ರಿಕ್ ಡಕ್ಟಿನ ಬೆಂಕಿಯ ಹೊಗೆ ಮಹಡಿಗಳಿಗೆ ತುಂಬಿ, ಉಸಿರುಗಟ್ಟಿಯೂ ಕೆಳಗೆ ಹಾರಿಯೂ 9 ಮಂದಿ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ಕಡೆ ಹುಡುಗರು ರಾತ್ರಿ ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾರೆ. ಅಂಥಲ್ಲಿ ಕಡಿಮೆ ಹೊಗೆಯ, ಹ್ಯಾಲೊಜನ್ ಇಲ್ಲದ ವೈರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಇಲಿ ಕಾಟ, ಪೆಟ್ಟು ಬೀಳುವ ಜಾಗದಲ್ಲಿ ಕಬ್ಬಿಣದ ಪೈಪ್ ಇಲ್ಲವೇ ಆರ್ಮರ್ಡ್ ಕೇಬಲ್ ಹಾಕಿಸಿ. ಆ ಲೋಹದ ಕವಚಕ್ಕೆ ಅರ್ಥಿಂಗ್ ಕೊಡಲೇಬೇಕು. ಇಲ್ಲದಿದ್ದರೆ ಒಳಗೆ ವೈರು ತರಚಿದಾಗ ಕವಚವೇ ಶಾಕ್ ಹೊಡೆಯುತ್ತದೆ.

ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು ದೊಡ್ಡದನ್ನು ಹಾಕಿಸಬೇಡಿ. 2.5ರ ವೈರಿಗೆ 32 ಆಂಪಿಯರಿನದು ಹಾಕಿದರೆ ಎಂ.ಸಿ.ಬಿ. ಬೀಳುವ ಮೊದಲೇ ಹೊದಿಕೆ ಕರಗಬಹುದು.

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸಿ. ಮೇನ್ ಆಫ್ ಮಾಡಿಸಿ, ಒಲೆ, ಚಿಮಣಿ ಹತ್ತಿರದ ವೈರು ಬಗ್ಗಿಸಿ ನೋಡಲು ಹೇಳಿ. ಬಿಸಿಗೆ, ಎಣ್ಣೆ ಜಿಡ್ಡಿಗೆ ಗಡುಸಾಗಿ ಬಿರುಕು ಬಿಟ್ಟಿದ್ದರೆ ಟೇಪು ಸುತ್ತಿ ಮುಗಿಸಬೇಡಿ, ಪೂರ್ತಿ ಬದಲಿಸಿ. ಹೊಸದರ ಮೇಲೆ ಐ.ಎಸ್.ಐ. ಗುರುತು ನೋಡಿ, ಪಕ್ಕಾ ಬಿಲ್ ಪಡೆಯಿರಿ.