ಘಾಟಿ ಹತ್ತಲು ಎಂಜಿನ್ ಸಾಕು, ಇಳಿಯಲು? ಹಳೆಯ ವ್ಯಾನ್‌ಗೆ ದೊಡ್ಡ ಎಂಜಿನ್ ಕೂರಿಸುವ ಮುನ್ನ

ಮರ್ಫಿ ಟೌನ್‌ನ ಓಣಿಯಲ್ಲಿ ಹಳೆಯ ವ್ಯಾನೊಂದು ಮನೆಯೆದುರು ನಿಂತಿತೆಂದರೆ ಸಲಹೆ ಕೊಡುವವರಿಗೆ ಬರವಿಲ್ಲ. ‘ಬಾಡಿ ಇನ್ನೂ ಗಟ್ಟಿ ಉಂಟು ಬಾವ, ಎಂಜಿನ್‌ನಲ್ಲಿ ಮಾತ್ರ ದಮ್ಮಿಲ್ಲ. ಜಿಪ್ಸಿಯದ್ದು ಒಂದು ತಂದು ಕೂರಿಸಿದ್ರೆ ಹಾರ್ತದೆ ನೋಡು’ ಎನ್ನುವ ಮಾತು ಎಲ್ಲಿಂದಾದರೂ ಬಂದೇ ಬರುತ್ತದೆ. ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಕಾಲದ ಎಂಜಿನಿಯರ್ ಮರ್ಫಿಯವರ ಹೆಸರು ಹೊತ್ತ ಈ ಬಡಾವಣೆಯಿಂದ ಶಿವಾಜಿನಗರದ ಗುಜರಿಗೆ ಹೆಚ್ಚು ದೂರವಿಲ್ಲ. ಎಂಜಿನ್ ಸಿಗುತ್ತದೆ, ಎತ್ತಿ ಇಡಲು ಚೈನ್ ಪುಲ್ಲಿ ಬಾಡಿಗೆಗೆ ಸಿಗುತ್ತದೆ, ಮೊಬೈಲ್‌ನಲ್ಲಿ ನೋಡಿ ಕಲಿಯಲು ವೀಡಿಯೊ ಸಿಗುತ್ತದೆ. ಇನ್ನೇನು ಬೇಕು ಎನಿಸುವುದು ಸಹಜ.

ಕರಾವಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮ ಅನೇಕ ಮನೆಗಳಿಗೆ ವ್ಯಾನ್ ಬರೀ ವಾಹನವಲ್ಲ. ವಾರವಿಡೀ ಅಂಗಡಿಯ ಸಾಮಾನು, ಪೆರ್ನಾಲ್ ಬಂದಾಗ ಅದೇ ವ್ಯಾನಿನಲ್ಲಿ ಉಮ್ಮ, ಮಕ್ಕಳು, ಚೀಲಗಳೆಲ್ಲ ಸೇರಿ ಶಿರಾಡಿ ಘಾಟಿ ಇಳಿದು ಊರಿಗೆ. ತಂದೆಯ ಮೊದಲ ದುಡಿಮೆಯ ಗುರುತಾಗಿ ಉಳಿದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಅದಕ್ಕೆ ಹೊಸ ಜೀವ ಕೊಡೋಣ ಎನ್ನುವ ಆಸೆಯಲ್ಲಿ ತಪ್ಪಿಲ್ಲ. ಆದರೆ ದೊಡ್ಡ ಎಂಜಿನ್ ಮಾತ್ರ ಬೇರೆಯೇ ಲೆಕ್ಕ. ಅದು ಬ್ರೇಕ್, ಆರ್‌ಸಿ, ವಿಮೆ, ಕೊನೆಗೆ ಒಳಗೆ ಕೂತವರ ಜೀವದವರೆಗೂ ಹೋಗುತ್ತದೆ.

ಕಾರ್ಖಾನೆಯೂ ಎಂಜಿನ್ ಬದಲಿಸಿತ್ತು

ವ್ಯಾನಿಗೆ ಎಂಜಿನ್ ಬದಲಿಸುವುದು ಇಂದಿನ ಹುಡುಗರ ಹುಚ್ಚಲ್ಲ. ಜರ್ಮನಿಯಲ್ಲಿ 1949ರಲ್ಲಿ ಬಂದ ಮೊದಲ ಟೆಂಪೊ ಮಟಡೋರ್‌ನಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 25 ಅಶ್ವಶಕ್ತಿಯ ಎಂಜಿನ್. ಆ ಎಂಜಿನ್ ಪೂರೈಕೆ ನಿಂತಾಗ ಕಂಪೆನಿ ಬೇರೆಯವರ ಎಂಜಿನ್‌ಗಳಿಗೆ ಮೊರೆ ಹೋಯಿತು. ಮುಂದೆ ಆಸ್ಟಿನ್‌ನ 1489 ಸಿಸಿ ಎಂಜಿನ್ ಬಂತು. ನಮ್ಮ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ ಕೂಡ ಅದೇ ವಂಶದ್ದು. ಭಾರತದಲ್ಲಿ ಬಜಾಜ್ ಟೆಂಪೊ ಮಟಡೋರ್ ತಯಾರಿಸಿದಾಗ, ಮುಂದೊಂದು ಘಟ್ಟದಲ್ಲಿ ಮರ್ಸಿಡಿಸ್ ವಿನ್ಯಾಸದ 2.4 ಲೀಟರ್ ಡೀಸೆಲ್ ಎಂಜಿನ್ ಅದರೊಳಗೆ ಕೂತಿತು.

ಮನೆಗಳಲ್ಲಿ ಹೆಚ್ಚು ಉಳಿದಿರುವುದು ಮಾರುತಿ ವ್ಯಾನ್. 1984ರಲ್ಲಿ ಬಂದ ಇದಕ್ಕೆ 1988ರಲ್ಲಿ ಓಮ್ನಿ ಎಂದು ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. ಮಾರುತಿ 800 ಕಾರಿನ ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಇದರ ಮುಂದಿನ ಸೀಟಿನಡಿ ಇದೆ. 1985ರ ಮೊದಲ ಜಿಪ್ಸಿಯ 970 ಸಿಸಿ ಎಂಜಿನ್ ಇದರದ್ದೇ ಕುಟುಂಬದ್ದು, ಆದರೆ ನಾಲ್ಕು ಸಿಲಿಂಡರ್. ಎರಡರಲ್ಲೂ ಪಿಸ್ಟನ್ ಓಡುವ ದೂರ 72 ಮಿಲಿಮೀಟರ್. ಈ ಸಂಬಂಧದಿಂದಲೇ ‘ಜಿಪ್ಸಿಯದ್ದು ಸಲೀಸಾಗಿ ಕೂರುತ್ತದೆ’ ಎಂಬ ಮಾತು ಹುಟ್ಟಿದ್ದು. ಇನ್ನೂ ಧೈರ್ಯವಿದ್ದವರು ಝೆನ್‌ನ 993 ಸಿಸಿ, ಎಸ್ಟೀಮ್‌ನ 1298 ಸಿಸಿ ಎಂಜಿನ್‌ವರೆಗೂ ಹೋಗುತ್ತಾರೆ.

ಕಾರ್ಖಾನೆಯವರು ಎಂಜಿನ್ ಬದಲಿಸುವುದಕ್ಕೂ ನಾವು ಅಂಗಳದಲ್ಲಿ ಬದಲಿಸುವುದಕ್ಕೂ ಒಂದೇ ವ್ಯತ್ಯಾಸ. ಅವರು ಹೊಸ ಎಂಜಿನ್‌ನೊಂದಿಗೆ ಇಡೀ ಗಾಡಿಯನ್ನು ಮತ್ತೆ ಲೆಕ್ಕ ಹಾಕಿ, ಪರೀಕ್ಷೆಗೆ ಒಡ್ಡಿ, ಅನುಮತಿ ಪಡೆದು ರಸ್ತೆಗೆ ಬಿಡುತ್ತಾರೆ. ನಾವು ಎಂಜಿನ್ ಒಂದನ್ನೇ ಬದಲಿಸುತ್ತೇವೆ.

ಕೂರಿಸಿದರೆ ಮುಗಿಯಲಿಲ್ಲ

ಎಂಜಿನ್ ಕೂರಿಸುವುದು ಕೆಲಸದ ಅರ್ಧ ಭಾಗವೂ ಅಲ್ಲ. ಒಂದು ಸಿಲಿಂಡರ್ ಹೆಚ್ಚಾದರೆ ಉದ್ದ ಹೆಚ್ಚುತ್ತದೆ, ಭಾರ ಹೆಚ್ಚುತ್ತದೆ. ಹಳೆಯ ಮೌಂಟ್‌ಗಳ ಜಾಗ ಹೊಂದುವುದಿಲ್ಲ, ಹೊಸದನ್ನು ವೆಲ್ಡ್ ಮಾಡಬೇಕು. ನಲ್ವತ್ತು ವರ್ಷದ ತುಕ್ಕು ಹಿಡಿದ ತಗಡಿಗೆ ಮಾಡಿದ ವೆಲ್ಡಿಂಗ್ ಎಷ್ಟು ದಿನ ನಿಲ್ಲುತ್ತದೆ? ಗೇರ್‌ಬಾಕ್ಸ್ ಹಳೆಯದೇ ಇಟ್ಟರೆ ಕ್ಲಚ್ ತಾಳಬೇಕು, ಬದಲಿಸಿದರೆ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಬದಲಾಗಬೇಕು. ಝೆನ್, ಎಸ್ಟೀಮ್‌ಗಳ ಎಂಜಿನ್ ಮೂಲದಲ್ಲಿ ಅಡ್ಡವಾಗಿ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ಅದನ್ನು ವ್ಯಾನಿನಲ್ಲಿ ಉದ್ದಕ್ಕೆ ಕೂರಿಸಿ ಹಿಂದಿನ ಚಕ್ರ ತಿರುಗಿಸಲು ಹೊರಟರೆ ಕೆಲಸ ಇಮ್ಮಡಿ.

ಶಾಖದ್ದು ಮತ್ತೊಂದು ಕಥೆ. ಹೆಚ್ಚು ಪೆಟ್ರೋಲ್ ಉರಿದರೆ ಹೆಚ್ಚು ಬಿಸಿ. ಹಳೆಯ ರೇಡಿಯೇಟರ್ ಹಳೇ ಮದ್ರಾಸ್ ರಸ್ತೆಯ ಸಂಜೆಯ ಟ್ರಾಫಿಕ್‌ನಲ್ಲಿ ಅಷ್ಟು ಬಿಸಿಯನ್ನು ತಣಿಸಲಾರದು. ಈ ವ್ಯಾನಿನಲ್ಲಿ ಎಂಜಿನ್ ಇರುವುದು ನೀವು ಕೂತ ಸೀಟಿನ ಕೆಳಗೆ ಎನ್ನುವುದನ್ನು ಮರೆಯಬಾರದು. ಅಲ್ಲಿ ಇಂಧನದ ಪೈಪ್ ಒಂದು ಸಡಿಲವಾದರೆ, ಹಳೆಯ ವೈರ್ ಒಂದು ಉಜ್ಜಿ ಸಿಪ್ಪೆ ಹೋದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬ್ರೇಕ್‌ನದ್ದು. ಓಡುವ ಗಾಡಿಯನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರ್‌ನಲ್ಲಿ ಹೋಗುತ್ತಿದ್ದವರು 85ರಲ್ಲಿ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟಿಗಿಂತ ಕಡಿಮೆ, ಆದರೆ ಬ್ರೇಕ್‌ನ ಕೆಲಸ ಎರಡು ಪಟ್ಟು. 12 ಇಂಚಿನ ಪುಟ್ಟ ಚಕ್ರದೊಳಗಿನ ಬ್ರೇಕ್‌ಗೆ ಅಷ್ಟು ಬಿಸಿಯನ್ನು ಮತ್ತೆ ಮತ್ತೆ ಹೊರಹಾಕುವ ತಾಕತ್ತು ಇರುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಇದು ಗೊತ್ತಾಗುತ್ತದೆ. ಬ್ರೇಕ್ ಬಿಸಿಯಾದಂತೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ದೊಡ್ಡ ಎಂಜಿನ್ ತಗ್ಗಿನ ಗೇರ್‌ನಲ್ಲಿ ಸ್ವಲ್ಪ ಹೆಚ್ಚು ತಡೆ ಕೊಡುತ್ತದೆ, ನಿಜ. ಆದರೆ ಹೆಚ್ಚಿದ ಭಾರ, ಅದಕ್ಕಿಂತ ಹೆಚ್ಚಾಗಿ ‘ಈಗ ಗಾಡಿಗೆ ದಮ್ಮುಂಟು’ ಎಂಬ ಧೈರ್ಯದಲ್ಲಿ ಏರಿದ ವೇಗ, ಆ ಲಾಭವನ್ನು ತಿಂದುಬಿಡುತ್ತವೆ. ಘಾಟಿ ಹತ್ತಲು ಎಂಜಿನ್ ಸಾಕು. ಇಳಿಯಲು ಬ್ರೇಕ್ ಬೇಕು. ಈ ವ್ಯಾನಿಗೆ ಮುಂದೆ ಬಾನೆಟ್ ಕೂಡ ಇಲ್ಲ, ಡಿಕ್ಕಿಯಾದರೆ ಮೊದಲು ಸಿಗುವುದು ಚಾಲಕನ ಮೊಣಕಾಲು.

ಮನೆಯೆದುರಿನ ಗ್ಯಾರೇಜು

ಕೂರಿಸುವುದು ಹಳೆಯದೇ ಅಳತೆಯ ಎಂಜಿನ್ ಆಗಿದ್ದರೂ ಮನೆಯಲ್ಲಿ ಕೆಲಸಕ್ಕಿಳಿಯುವವರು ಕೆಲವು ವಿಷಯ ತಿಳಿದಿರಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗದೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಅಡುಗೆಮನೆಯ ಬಾಗಿಲು ನಾಲ್ಕು ಅಡಿ ದೂರದಲ್ಲಿರುವ ಓಣಿ ಮನೆಗಳಲ್ಲಿ ಟ್ಯಾಂಕ್ ಖಾಲಿ ಮಾಡುವ ಕೆಲಸ ಮಾಡಲೇಬಾರದು.

ವ್ಯಾನ್ ಎತ್ತಿದ ಮೇಲೆ ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು. ಇಟ್ಟಿಗೆ, ಹಾಲೋ ಬ್ಲಾಕ್ ಇಡುವ ಅಭ್ಯಾಸ ನಮ್ಮಲ್ಲಿ ಉಂಟು. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡ್‌ಗಳೇ ಬೇಕು. ಫ್ಯಾನ್‌ಗೆಂದು ಚಾವಣಿಗೆ ಬಿಟ್ಟ ಕೊಕ್ಕೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತುವುದು ಅಪಾಯ, ಆ ಕೊಕ್ಕೆ ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಸ್ಟಾರ್ಟ್ ಮಾಡಿ ನೋಡುವುದು ಬಯಲಲ್ಲೇ ಆಗಬೇಕು. ಮುಚ್ಚಿದ ಶೆಡ್‌ನಲ್ಲಿ ಓಡುವ ಎಂಜಿನ್ ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆಸುತ್ತು ಬಂದಾಗ ಹೊತ್ತು ಮೀರಿರುತ್ತದೆ. ಬಿಚ್ಚುವ ಪ್ರತಿಯೊಂದು ವೈರ್‌ಗೂ ಚೀಟಿ ಅಂಟಿಸಿ ಫೋಟೊ ತೆಗೆದಿಟ್ಟರೆ ಜೋಡಿಸುವಾಗ ಅರ್ಧ ತಲೆನೋವು ಕಡಿಮೆ.

ಗುಜರಿಯಿಂದ ತರುವಾಗ

ಗುಜರಿ ವ್ಯಾಪಾರ ನಮ್ಮವರಿಗೆ ಹೊಸದಲ್ಲ. ಅದರ ಒಳಹೊರಗು ಬಲ್ಲವರೇ ಹೇಳುವ ಮಾತು: ಎಂಜಿನ್‌ಗಿಂತ ಮೊದಲು ಕಾಗದ ನೋಡು. ಎಂಜಿನ್ ಬ್ಲಾಕ್ ಮೇಲಿನ ನಂಬರ್ ಉಜ್ಜಿ ಅಳಿಸಿದಂತೆ ಅಥವಾ ಮತ್ತೆ ಹೊಡೆದಂತೆ ಕಂಡರೆ ಅಲ್ಲಿಂದ ಹೊರಟುಬಿಡಿ. ಸರಿಯಾದ ಬಿಲ್, ಅದರಲ್ಲಿ ಎಂಜಿನ್ ನಂಬರ್, ಆ ಎಂಜಿನ್ ಯಾವ ವಾಹನದ್ದೋ ಅದರ ಆರ್‌ಸಿ ಪ್ರತಿ, ಅದು ನೋಂದಣಿ ರದ್ದಾಗಿ ಗುಜರಿಗೆ ಬಂದದ್ದಕ್ಕೆ ದಾಖಲೆ, ಇಷ್ಟು ಕೈಯಲ್ಲಿರಬೇಕು. ಕಳವು ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಅರ್ಧ ಬೆಲೆಗೆ ಸಿಕ್ಕಿತೆಂದು ತಂದ ಎಂಜಿನ್ ಠಾಣೆಯ ಮೆಟ್ಟಿಲು ಹತ್ತಿಸಬಾರದು.

ಕಾನೂನು ಎಲ್ಲಿ ನಿಂತಿದೆ

‘ಹಿಂದೆ ಪೆಟ್ರೋಲ್ ಜೀಪಿಗೆ, ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಹಾಕಿ ಆರ್‌ಸಿಯಲ್ಲೂ ಬರೆಸ್ತಿದ್ದರಲ್ಲ’ ಎಂದು ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲು ಇದ್ದ ರೂಪದಲ್ಲಿ, ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಂದ ಮಾರ್ಪಾಡಿಗೆ ದಾರಿಯಿತ್ತು. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನ ಮಾರ್ಪಡಿಸುವಂತಿಲ್ಲ ಎಂದಾಯಿತು. ಎಂಜಿನ್‌ನ ಸಿಸಿ ಆ ವಿವರಗಳಲ್ಲಿ ಒಂದು.

ನಮ್ಮ ಪಕ್ಕದ ಕೇರಳದಿಂದ ಹೋದ ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಪೀಠ ಇದನ್ನೇ ಎತ್ತಿಹಿಡಿಯಿತು. ಮಾರ್ಪಾಡಿಗೆ ಅವಕಾಶ ಕೊಟ್ಟಿದ್ದ ಕೇರಳ ಹೈಕೋರ್ಟ್‌ನ ತೀರ್ಪು ಬಿದ್ದುಹೋಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಇಂದಿರಾನಗರದ ಕೆಎ-03 ಇರಲಿ, ಕೆ.ಆರ್. ಪುರದ ಕೆಎ-53 ಇರಲಿ, 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಆಗ ಇನ್‌ಸ್ಪೆಕ್ಟರ್ ಎಂಜಿನ್ ನಂಬರನ್ನು ಆರ್‌ಸಿಯ ಜೊತೆ ಹೋಲಿಸುತ್ತಾರೆ. ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಅದಕ್ಕಿಂತ ಕಹಿಯಾದದ್ದು ಅಪಘಾತದ ನಂತರದ ಸ್ಥಿತಿ. ಎಂಜಿನ್ ಬೇರೆ ಎಂದು ಸರ್ವೇಯರ್ ಬರೆದರೆ ಗಾಡಿಯ ಕ್ಲೇಮ್ ತಿರಸ್ಕರಿಸಲು ವಿಮಾ ಕಂಪೆನಿಗೆ ಕಾರಣ ಸಿಕ್ಕಂತೆ. ಗಾಯಗೊಂಡ ಬೇರೆಯವರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಲು ಅದು ಕೋರ್ಟಿಗೂ ಹೋಗಬಹುದು. ಆಗ ಪಣಕ್ಕೆ ಬೀಳುವುದು ಮನೆ, ಅಂಗಡಿ, ಗಲ್ಫ್‌ನಲ್ಲಿ ದುಡಿದು ಕೂಡಿಟ್ಟದ್ದು.

50 ವರ್ಷ ದಾಟಿದ್ದರೆ

ಮನೆಯಲ್ಲಿ 50 ವರ್ಷಕ್ಕಿಂತ ಹಳೆಯ ವ್ಯಾನ್ ಇದ್ದರಂತೂ ಅದರ ಎಂಜಿನ್‌ಗೆ ಕೈ ಹಾಕುವ ಮುನ್ನ ಮೂರು ಸಲ ಯೋಚಿಸಬೇಕು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ಉಂಟು. ನಂಬರ್‌ಪ್ಲೇಟ್‌ನಲ್ಲಿ ‘ವಿಎ’ ಎಂಬ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಆಗಿರಬೇಕು, ದೊಡ್ಡ ಮಾರ್ಪಾಡು ಇರಬಾರದು. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಬಲವಿಲ್ಲವೆಂದು ಕಿತ್ತು ಗುಜರಿಗೆ ಕೊಟ್ಟ ಆ ಮೂಲ ಎಂಜಿನ್ ಮತ್ತೆ ಸಿಗುವುದಿಲ್ಲ. ಅದರೊಂದಿಗೆ ಈ ಮಾನ್ಯತೆಯೂ ಹೋಗುತ್ತದೆ.

ಹಾಗಾದರೆ ದಾರಿ ಯಾವುದು?

ದಾರಿ ಇಲ್ಲವೆಂದಲ್ಲ. ‘ದಮ್ಮಿಲ್ಲ’ ಎನ್ನುವ ಹಳೆಯ ಎಂಜಿನ್‌ನಲ್ಲಿ ಬಹಳ ಸಲ ಹೋಗಿರುವುದು ದಮ್ಮಲ್ಲ, ಕಂಪ್ರೆಷನ್. ಸಿಲಿಂಡರ್ ಸವೆದಿರುತ್ತದೆ, ರಿಂಗ್ ಹೋಗಿರುತ್ತದೆ, ವಾಲ್ವ್ ಸರಿಯಾಗಿ ಕೂರುವುದಿಲ್ಲ, ಕಾರ್ಬ್ಯುರೇಟರ್‌ನಲ್ಲಿ ಕೊಳೆ ತುಂಬಿರುತ್ತದೆ. ಒಳ್ಳೆಯ ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದರೆ ಅದೇ 796 ಸಿಸಿ ಎಂಜಿನ್ ಕಾರ್ಖಾನೆಯಿಂದ ಬಂದ ದಿನದ ಬಲಕ್ಕೆ ಹತ್ತಿರ ಬರುತ್ತದೆ. ನಂಬರ್ ಅದೇ, ಆರ್‌ಸಿ ಅದೇ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಬ್ಲಾಕ್ ಒಡೆದು ಎಂಜಿನ್ ಪೂರ್ತಿ ಹೋಗಿದ್ದರೆ, ಅದೇ ಕಂಪೆನಿಯ ಅದೇ ಮಾದರಿಯ ಎಂಜಿನ್‌ಗೆ ಆರ್‌ಟಿಒದಲ್ಲಿ ಮೊದಲೇ ಒಪ್ಪಿಗೆ ಕೇಳಿ, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ವಿಮಾ ಕಂಪೆನಿಗೂ ಬರೆದು ತಿಳಿಸಬೇಕು. ಪೆಟ್ರೋಲ್ ಖರ್ಚೇ ಚಿಂತೆಯಾದರೆ, ಮಾನ್ಯತೆ ಪಡೆದ ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿ ಕಿಟ್‌ಗೆ 52ನೇ ಕಲಂನಲ್ಲೇ ಅವಕಾಶ ಉಂಟು. ಅದನ್ನು ಹಾಕಬೇಕಾದದ್ದು ಅಧಿಕೃತ ಕೇಂದ್ರದಲ್ಲಿ, ಆರ್‌ಸಿಗೆ ಸೇರಿಸಿದ ಮೇಲೆಯೇ ಓಡಿಸಬೇಕು.

ದೊಡ್ಡ ಎಂಜಿನ್‌ಗೆಂದು ತೆಗೆದಿಟ್ಟ ಹಣ ಕೈಯಲ್ಲಿದ್ದರೆ ಅದರಿಂದ ಮೊದಲು ಬ್ರೇಕ್ ಲೈನಿಂಗ್, ವೀಲ್ ಸಿಲಿಂಡರ್, ರಬ್ಬರ್ ಹೋಸ್, ನಾಲ್ಕು ಟೈರ್, ರೇಡಿಯೇಟರ್ ಇವಿಷ್ಟನ್ನು ಹೊಸದು ಮಾಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವಂಥದ್ದು, ವರ್ಷಗಟ್ಟಲೆ ಬಿಟ್ಟರೆ ಘಾಟಿಯ ಬಿಸಿಗೆ ಕುದಿದು ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಿ. ಇಳಿಜಾರಿನಲ್ಲಿ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಮುಂದಿನ ಪೆರ್ನಾಲ್‌ಗೆ ಊರಿಗೆ ಹೊರಟಾಗ ವ್ಯಾನ್ ಶಿರಾಡಿಯಲ್ಲಿ ನಿಧಾನ ಹತ್ತಿದರೆ ಹತ್ತಲಿ. ಹಿಂದಿನ ಲಾರಿಯವ ಹಾರ್ನ್ ಹಾಕಿದರೆ ಬದಿಗೆ ಸರಿದು ದಾರಿ ಬಿಟ್ಟರಾಯಿತು, ಅರ್ಧ ಗಂಟೆ ತಡವಾದರೂ ಎಲ್ಲರೂ ಸುರಕ್ಷಿತವಾಗಿ ಮನೆ ಸೇರುತ್ತೇವೆ.